ಸೂರ್ಯನ ಅಬ್ಬರ, ವಿಶ್ವಕಿರಣದ ಇಳಿತ

1960ರ ಮಾರ್ಚ್ 11ರಂದು ಕೇಪ್ ಕೆನವೆರಲ್‌ನಿಂದ ಮೇಲೇರಿದ ಪಯನಿಯರ್-5 ನೌಕೆ ಮೊದಲಿನ ಯೋಜನೆಯಂತೆ ಶುಕ್ರಗ್ರಹದ ಬಳಿಗೆ ಹೋಗಬೇಕಿತ್ತು. ಸಿದ್ಧತೆ ತಡವಾಗಿ ಸರಿಯಾದ ಗಳಿಗೆ ದಾಟಿಹೋಯಿತು. ಕಟ್ಟಿದ್ದನ್ನು ಸುಮ್ಮನೆ ಇಡುವುದೇಕೆಂದು ಭೂಮಿಗೂ ಶುಕ್ರನ ಕಕ್ಷೆಗೂ ನಡುವಿನ ಬಟ್ಟಬಯಲಿಗೆ ಕಳಿಸಿದರು. 43 ಕಿಲೊ ತೂಕದ, 66 ಸೆಂಟಿಮೀಟರ್ ಅಡ್ಡಳತೆಯ ಗೋಳ, ಅದರ ಪಕ್ಕಕ್ಕೆ ನಾಲ್ಕು ಸೌರಫಲಕ. ಹೋಗಿ ಮುಟ್ಟಲು ಒಂದು ಗ್ರಹವಿಲ್ಲ, ಜನರಿಗೆ ತೋರಿಸಲು ಒಂದು ಚಿತ್ರವಿಲ್ಲ. ಒಳಗಿದ್ದ ಕೆಲವೇ ಉಪಕರಣಗಳಲ್ಲಿ ಒಂದು, ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಸಿಂಪ್ಸನ್ ತಂಡದವರು ಕೊಟ್ಟಿದ್ದ ಕಣ ಎಣಿಸುವ ಸಾಧನ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕಿನ ದೊಡ್ಡ ರೇಡಿಯೊ ದೂರದರ್ಶಕ ಅದರ ಸಂಕೇತಗಳನ್ನು ಹಿಡಿಯುತ್ತಿತ್ತು.

ಮೂರು ವಾರ ಕಳೆಯುವಷ್ಟರಲ್ಲಿ ಸೂರ್ಯ ಕೆರಳಿದ. ಮಾರ್ಚ್ ಕೊನೆಯ ದಿನ, ಏಪ್ರಿಲ್ ಮೊದಲ ದಿನ ಭೂಮಿಯ ಮೇಲೆ ಭಾರಿ ಕಾಂತ ಬಿರುಗಾಳಿ ಎದ್ದಿತು. ದಿಕ್ಸೂಚಿಗಳು ಅಲುಗಿದವು. ಹೊರಗಿನ ಬ್ರಹ್ಮಾಂಡದಿಂದ ಬಂದು ಬೀಳುವ ವಿಶ್ವಕಿರಣಗಳ ಎಣಿಕೆ ನೆಲದ ಮೇಲಿನ ಕೇಂದ್ರಗಳಲ್ಲಿ ಸರ್ರನೆ ಕುಸಿಯಿತು. ಇದರಲ್ಲಿ ಹೊಸದೇನೂ ಇರಲಿಲ್ಲ. ಇಂಥ ಕುಸಿತವನ್ನು ಎರಡು ದಶಕದಿಂದ ನೋಡುತ್ತಲೇ ಬಂದಿದ್ದರು. ಹೊಸ ಸಂಗತಿ ಬಂದದ್ದು ಪಯನಿಯರ್-5ರಿಂದ. ಭೂಮಿಯಿಂದ ಸುಮಾರು 50 ಲಕ್ಷ ಕಿಲೊಮೀಟರ್ ಆಚೆ, ಭೂಮಿಯ ಕಾಂತಕ್ಷೇತ್ರದ ಗಾಳಿಯೂ ಸೋಕದ ಜಾಗದಲ್ಲಿದ್ದ ಆ ಗೋಳದೊಳಗೂ ಎಣಿಕೆ ಅದೇ ಹೊತ್ತಿಗೆ ಬಿದ್ದಿತ್ತು, ಭೂಮಿಯ ಮೇಲೆ ಬಿದ್ದದ್ದಕ್ಕಿಂತ ಕಡಿಮೆಯೇನೂ ಅಲ್ಲ.

ಅಲ್ಲಿಗೆ, ಇಳಿತಕ್ಕೆ ಕಾರಣ ಭೂಮಿಯ ಕಾಂತಕ್ಷೇತ್ರವೋ ಗ್ರಹಗಳ ನಡುವಿನ ಬಯಲೋ ಎಂಬ ಒಂದು ಹಳೆಯ ತಕರಾರು ಇತ್ಯರ್ಥವಾಯಿತು. ಆದರೆ ಆ ತಕರಾರು ಹುಟ್ಟಿದ್ದೇ ಒಂದು ವಿಚಿತ್ರ ಬೆಳವಣಿಗೆಯಿಂದ. ವಿಶ್ವಕಿರಣಗಳ ವಿಷಯದಲ್ಲಿ ಮೊಟ್ಟಮೊದಲು ಖುಲಾಸೆಯಾದವನು ಸೂರ್ಯನೇ.

ಖುಲಾಸೆ ಮಾಡಿದವರು ಆಸ್ಟ್ರಿಯಾದ ವಿಕ್ಟರ್ ಹೆಸ್. ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ವಿದ್ಯುದ್ದರ್ಶಕದ ಆವೇಶ ತಾನಾಗಿ ಸೋರಿಹೋಗುವುದೇಕೆ ಎಂಬುದು ಆ ಕಾಲದ ಪ್ರಶ್ನೆ. ನೆಲದೊಳಗಿನ ವಿಕಿರಣದಿಂದ ಎಂದು ಬಹುಪಾಲು ಜನ ನಂಬಿದ್ದರು. ಹೆಸ್ 1912ರಲ್ಲಿ ಬಲೂನು ಏರಿ ನೋಡಲು ಹೊರಟರು. ಆ ವರ್ಷದ ಏಪ್ರಿಲ್ 17ರ ಪಾರ್ಶ್ವ ಸೂರ್ಯಗ್ರಹಣದ ದಿನವೇ ಒಮ್ಮೆ ಏರಿದರು. ಚಂದ್ರ ಅಡ್ಡ ಬಂದರೂ ಎಣಿಕೆ ತಗ್ಗಲಿಲ್ಲ, ಅಂದರೆ ಈ ಕಿರಣಗಳು ಸೂರ್ಯನಿಂದ ಬರುತ್ತಿಲ್ಲ. ಆಗಸ್ಟ್ 7ರಂದು ಬೊಹೀಮಿಯಾದ ಔಸಿಗ್ ಪಟ್ಟಣದಿಂದ ಜಲಜನಕ ತುಂಬಿದ ಬಲೂನಿನಲ್ಲಿ 5,350 ಮೀಟರ್ ಎತ್ತರಕ್ಕೆ ಹೋದಾಗ ವಿಕಿರಣ ನೆಲದಲ್ಲಿದ್ದುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಮೇಲಿನಿಂದ ಏನೋ ಬರುತ್ತಿದೆ, ಅದರ ಮೂಲ ಸೂರ್ಯನಲ್ಲ. ಈ ತೀರ್ಮಾನಕ್ಕೆ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತೀರ್ಮಾನ ಇಂದಿಗೂ ಸರಿಯೇ. ಈ ಕಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು, ಉಳಿದವು ಹೀಲಿಯಂನಿಂದ ಕಬ್ಬಿಣದವರೆಗಿನ ಪರಮಾಣುಗಳ ಬೀಜಗಳು. ಎಲ್ಲೋ ಸಿಡಿದ ನಕ್ಷತ್ರಗಳ ಅಲೆಗಳಲ್ಲಿ ವೇಗ ಪಡೆದು, ನಮ್ಮ ಗೆಲಾಕ್ಸಿಯಲ್ಲಿ ಲಕ್ಷಾಂತರ ವರ್ಷ ಅಲೆದು ಬರುತ್ತವೆ.

ಸೂರ್ಯನನ್ನು ಮತ್ತೆ ಕಟಕಟೆಗೆ ಎಳೆತಂದವರು ಅಮೆರಿಕದ ಸ್ಕಾಟ್ ಫೋರ್‌ಬುಷ್. ನನ್ನ ಮಟ್ಟಿಗೆ ಈ ಇಡೀ ಕಥೆಯ ನಾಯಕರು ಅವರೇ. ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ, ನೊಬೆಲ್ ಕೂಡ ಬರಲಿಲ್ಲ. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಕಾಂತ ವಿಭಾಗದಲ್ಲಿ ಕೆಲಸ. ಆ ಸಂಸ್ಥೆ ಸಾಗರಗಳ ಮೇಲೆ ಕಾಂತಕ್ಷೇತ್ರ ಅಳೆಯಲೆಂದೇ ಕಬ್ಬಿಣವನ್ನು ದೂರವಿಟ್ಟು ಕಟ್ಟಿಸಿದ್ದ ‘ಕಾರ್ನೆಗಿ’ ಹಡಗು 1929ರ ನವೆಂಬರ್‌ನಲ್ಲಿ ಸಮೋವಾದ ಆಪಿಯಾ ಬಂದರಿನಲ್ಲಿ ಪೆಟ್ರೋಲ್ ತುಂಬುವಾಗ ಸ್ಫೋಟಿಸಿ ಸುಟ್ಟುಹೋಯಿತು, ಕ್ಯಾಪ್ಟನ್ ಸತ್ತರು. ಬದುಕುಳಿದ ಸಿಬ್ಬಂದಿಯಲ್ಲಿ ಫೋರ್‌ಬುಷ್ ಒಬ್ಬರು.

ಮುಂದೆ ಅವರ ಪಾಲಿಗೆ ಬಂದದ್ದು ಯಾರಿಗೂ ಬೇಡವಾದ ಕೆಲಸ. ಆರ್ಥರ್ ಕಾಂಪ್ಟನ್ ರೂಪಿಸಿದ ವಿಶ್ವಕಿರಣ ಮಾಪಕಗಳನ್ನು ಅಮೆರಿಕದ ಚೆಲ್ಟನ್‌ಹ್ಯಾಂ, ಪೆರು ದೇಶದ ಆಂಡಿಸ್ ಪರ್ವತದ ಮೇಲಿನ ಹುವಾಂಕಾಯೊ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್, ಗ್ರೀನ್‌ಲ್ಯಾಂಡಿನ ಗೋದ್‌ಹಾನ್ ಮುಂತಾದೆಡೆ ಕೂರಿಸಿದ್ದರು. ಒತ್ತಡದಲ್ಲಿ ಆರ್ಗಾನ್ ತುಂಬಿದ ಉಕ್ಕಿನ ಗೋಳ, ಸುತ್ತಲೂ ಸೀಸದ ಗುಂಡುಗಳ ದಪ್ಪ ಹೊದಿಕೆ, ಒಳಗಿನ ವಿದ್ಯುನ್ಮಾಪಕದ ಸೂಕ್ಷ್ಮ ಎಳೆಯ ನೆರಳು ಮೆಲ್ಲಗೆ ಸರಿಯುವ ಫೋಟೊ ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಆ ಗೆರೆಯನ್ನು ಗಂಟೆಗಂಟೆಗೂ ಅಳೆದು, ಗಾಳಿಯ ಒತ್ತಡದ ಏರಿಳಿತವನ್ನು ಕಳೆದು, ಉಳಿದದ್ದನ್ನು ಪಟ್ಟಿ ಮಾಡಬೇಕು. ಕಂಪ್ಯೂಟರ್ ಇಲ್ಲದ ಕಾಲ. ವರ್ಷಗಟ್ಟಲೆ ಇದೇ ಕೆಲಸ.

1937ರ ಏಪ್ರಿಲ್‌ನಲ್ಲಿ ದೊಡ್ಡ ಕಾಂತ ಬಿರುಗಾಳಿ ಎದ್ದಾಗ ಚೆಲ್ಟನ್‌ಹ್ಯಾಂ, ಹುವಾಂಕಾಯೊ ಎರಡೂ ಕಡೆಯ ಗೆರೆಗಳು ಒಟ್ಟಿಗೆ ಕೆಳಗಿಳಿದಿದ್ದನ್ನು ಫೋರ್‌ಬುಷ್ ಕಂಡರು. ಒಂದು ಸಮುದ್ರ ಮಟ್ಟಕ್ಕೆ ಹತ್ತಿರದ ಊರು, ಇನ್ನೊಂದು ಮೂರು ಸಾವಿರ ಮೀಟರ್ ಮೇಲಿನ ಗುಡ್ಡ, ನಡುವೆ ಭೂಮಧ್ಯರೇಖೆ. ಹವಾಮಾನದ ಆಟ ಇದಾಗಿರಲು ಸಾಧ್ಯವಿರಲಿಲ್ಲ. ಅದೇ ವರ್ಷ ಹೆಸ್ ಕೂಡ ಇನ್ಸ್‌ಬ್ರುಕ್ ಬಳಿಯ ಬೆಟ್ಟದ ಮೇಲಿನ ತಮ್ಮ ಕೇಂದ್ರದಲ್ಲಿ ಈ ಇಳಿತವನ್ನು ಗುರುತಿಸಿದರು. ಆದರೂ ಹೆಸರು ನಿಂತದ್ದು ‘ಫೋರ್‌ಬುಷ್ ಇಳಿತ’ ಎಂದೇ. ಕೆಲವೇ ಗಂಟೆಗಳಲ್ಲಿ ಬೀಳುತ್ತದೆ, ಚೇತರಿಸಿಕೊಳ್ಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು.

1954ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇನ್ನೂ ದೊಡ್ಡದು. 1937ರಿಂದ 1952ರವರೆಗಿನ ದಾಖಲೆಯನ್ನು ಒಟ್ಟಿಗೆ ಹಾಸಿ ನೋಡಿದಾಗ, ಸೌರಕಲೆಗಳು ಹೆಚ್ಚಿದ ವರ್ಷ ವಿಶ್ವಕಿರಣ ಕಡಿಮೆ, ಕಲೆಗಳು ಮಾಯವಾದ ವರ್ಷ ವಿಶ್ವಕಿರಣ ಹೆಚ್ಚು. ಹನ್ನೊಂದು ವರ್ಷದ ಸೌರಚಕ್ರಕ್ಕೆ ನೇರ ತದ್ವಿರುದ್ಧ. ಆ ಗೋಳಗಳಲ್ಲಿ ಏರಿಳಿತ ನೂರಕ್ಕೆ ನಾಲ್ಕರ ಆಸುಪಾಸು ಅಷ್ಟೇ. ಉಪಕರಣ ಹಳತಾಗಿ ಹುಟ್ಟುವ ದೋಷವೇ ಅಷ್ಟಿರಬಹುದಿತ್ತು. ಒಂದೇ ಯಂತ್ರವನ್ನು ಹದಿನೈದು ವರ್ಷ ಬಿಡದೆ ಕಾಯ್ದುಕೊಂಡು ಬಂದವರಿಗೆ ಮಾತ್ರ ಅದನ್ನು ನಿಜವೆಂದು ಹೇಳುವ ಧೈರ್ಯ ಬಂದೀತು.

ಕರ್ನಾಟಕ ಈ ಕಥೆಯೊಳಗೆ ಬರುವುದು ಇದೇ ಅವಧಿಯಲ್ಲಿ. 1939–40ರ ಚಳಿಗಾಲದಲ್ಲಿ ‘ಕಾಸ್ಮಿಕ್ ರೇ’ ಎಂಬ ಹೆಸರಿಟ್ಟ ರಾಬರ್ಟ್ ಮಿಲಿಕನ್ ತಮ್ಮ ಸಹೋದ್ಯೋಗಿಗಳಾದ ನೆಹರ್ ಮತ್ತು ಪಿಕರಿಂಗ್ ಜೊತೆ ಭಾರತಕ್ಕೆ ಬಂದು ಬೆಂಗಳೂರು, ಆಗ್ರಾ, ಪೆಷಾವರಗಳಿಂದ ಬಲೂನು ಹಾರಿಸಿದರು. ಆಗಷ್ಟೇ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಯುದ್ಧದಿಂದಾಗಿ ಕೇಂಬ್ರಿಜ್ ಬಿಟ್ಟು ಬಂದ ವಿಕ್ರಂ ಸಾರಾಭಾಯಿ ಅಲ್ಲೇ ಸಿ.ವಿ. ರಾಮನ್ ಅವರ ಬಳಿ ಗೈಗರ್ ಕೌಂಟರ್‌ಗಳೊಂದಿಗೆ ಕೂತರು. 1942ರಲ್ಲಿ ಅಚ್ಚಾದ ಅವರ ಮೊದಲ ಪ್ರಬಂಧವೇ ವಿಶ್ವಕಿರಣಗಳು ಯಾವ ಕಾಲಕ್ರಮದಲ್ಲಿ ಬಂದು ಬೀಳುತ್ತವೆ ಎಂಬುದರ ಬಗ್ಗೆ. 1947ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ತೆರೆದಾಗಲೂ ಅವರ ತಲೆಯಲ್ಲಿದ್ದದ್ದು ಇದೇ ಹುಚ್ಚು. ಕೊಡೈಕೆನಾಲ್, ಗುಲ್ಮಾರ್ಗ್‌ಗಳಲ್ಲಿ ಎಣಿಕೆ ಕೇಂದ್ರಗಳು ಎದ್ದವು. ನಮ್ಮ ಬಾಹ್ಯಾಕಾಶ ಯೋಜನೆಯ ಬೇರು ರಾಕೆಟ್ಟಿನಲ್ಲಿಲ್ಲ, ವಿಶ್ವಕಿರಣದಲ್ಲಿದೆ ಎಂದರೆ ತಪ್ಪಾಗಲಾರದು.

ಇತ್ತ ಕೋಲಾರದ ಚಿನ್ನದ ಗಣಿಯಲ್ಲಿ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1951ರಿಂದ ಆಳಕ್ಕೆ ಇಳಿದಿಳಿದು ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಅಳೆಯುತ್ತಿದ್ದರು. ಅಷ್ಟು ಬಂಡೆ ತೂರಿ ಬರಬೇಕಾದರೆ ಮೂಲ ಕಣಕ್ಕೆ ಅಪಾರ ಶಕ್ತಿ ಬೇಕು. ಅಂಥ ಕಣಗಳನ್ನು ಸೂರ್ಯನ ಮುನಿಸು ತಡೆಯಲಾರದು. ಸೂರ್ಯನ ಕೈಗೆ ಸಿಗುವುದು ಕಡಿಮೆ ಶಕ್ತಿಯ ಕಣಗಳು, ಅವು ವಾತಾವರಣ ದಾಟಿ ಕೆಳಕ್ಕೆ ಬರುವುದೇ ಕಷ್ಟ. ಬೆಂಗಳೂರಿನಿಂದ ಬಲೂನು ಹಾರಿಸಿದ್ದ ಅದೇ ನೆಹರ್ ಮುಂದೆ ಗ್ರೀನ್‌ಲ್ಯಾಂಡಿನ ಥೂಲೆಗೆ ಹೋಗಿ, ಸೂರ್ಯ ತಣ್ಣಗಿದ್ದ 1954ರಲ್ಲಿ ಅಂಥ ಕಣಗಳು ದಂಡಿಯಾಗಿ ವಾಪಸಾದದ್ದನ್ನು ತೋರಿಸಿದರು. ನೆಲದಲ್ಲಿದ್ದುಕೊಂಡೇ ಅವನ್ನು ಹಿಡಿಯಲು ಸಿಂಪ್ಸನ್ 1948ರಲ್ಲಿ ನ್ಯೂಟ್ರಾನ್ ಮಾನಿಟರ್ ಕಂಡುಹಿಡಿದಿದ್ದರು. ಸೀಸ ಮತ್ತು ಪ್ಯಾರಫಿನ್ ಮೇಣ ಪೇರಿಸಿ, ನಡುವೆ ಎಣಿಕೆಯ ಕೊಳವೆ ಇಟ್ಟ ಪೆಟ್ಟಿಗೆ ಅದು. ಕೊಲರಾಡೊದ ಕ್ಲೈಮ್ಯಾಕ್ಸ್ ಎಂಬ ಗಣಿ ಊರಿನಲ್ಲಿ ಇಟ್ಟ ಮಾನಿಟರ್ ಅರ್ಧ ಶತಮಾನ ಎಣಿಸಿತು.

ಸೂರ್ಯ ಇದನ್ನು ಮಾಡುವುದು ಹೇಗೆ? ಕಾಂತ ಬಿರುಗಾಳಿಯ ದಿನವೇ ಇಳಿತ ಕಾಣುವುದರಿಂದ, ಬಿರುಗಾಳಿ ಭೂಮಿಯ ಕಾಂತಕ್ಷೇತ್ರವನ್ನು ತಿರುಚಿ ಕಣಗಳ ದಾರಿ ಕೆಡಿಸುತ್ತದೆ ಎಂದು ಊಹಿಸುವುದು ಸಹಜವಾಗಿತ್ತು. ಹಾಗಲ್ಲ, ತಡೆ ಇರುವುದು ಗ್ರಹಗಳ ನಡುವಿನ ಬಯಲಿನಲ್ಲೇ ಎಂಬುದು ಸಿಂಪ್ಸನ್ ವಾದ. ಅವರ ಬಳಿಯೇ ಇದ್ದ ಯುವಕ ಯೂಜೀನ್ ಪಾರ್ಕರ್ ಈ ಗೋಜಲನ್ನೂ ಧೂಮಕೇತುಗಳ ಬಾಲ ಸೂರ್ಯನಿಗೆ ಬೆನ್ನು ಹಾಕಿಯೇ ಇರುವ ಒಗಟನ್ನೂ ಒಟ್ಟಿಗೆ ಹಿಡಿದು ಲೆಕ್ಕಕ್ಕೆ ಕೂತರು. ಸೂರ್ಯನ ಹೊರ ವಾತಾವರಣವಾದ ಕರೋನಾ ಅಷ್ಟು ಬಿಸಿಯಾಗಿದ್ದರೆ ಅದು ಸುಮ್ಮನಿರಲಾರದು, ಎಲ್ಲ ದಿಕ್ಕಿಗೂ ಸೆಕೆಂಡಿಗೆ ನೂರಾರು ಕಿಲೊಮೀಟರ್ ವೇಗದಲ್ಲಿ ಹರಿದುಹೋಗಲೇಬೇಕು, ಹೋಗುವಾಗ ಸೂರ್ಯನ ಕಾಂತರೇಖೆಗಳನ್ನೂ ಎಳೆದೊಯ್ಯಬೇಕು ಎಂದು 1958ರಲ್ಲಿ ಬರೆದರು. ಆಸ್ಟ್ರೊಫಿಸಿಕಲ್ ಜರ್ನಲ್‌ನ ಇಬ್ಬರು ಪರಿಶೀಲಕರೂ ಅದನ್ನು ತಳ್ಳಿಹಾಕಿದರು. ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೂ ಅದು ರುಚಿಸಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲ, ಹಾಗಾಗಿ ಅಚ್ಚು ಹಾಕಿಸಿದರು. ಒಪ್ಪದ ವಿಚಾರಕ್ಕೂ ಜಾಗ ಕೊಡುವ ಇಂಥ ಸಂಪಾದಕರು ಎಲ್ಲ ಕಾಲಕ್ಕೂ ವಿರಳ.

ನಾಲ್ಕೇ ವರ್ಷದಲ್ಲಿ, 1962ರಲ್ಲಿ, ಶುಕ್ರನತ್ತ ಹೊರಟ ಮ್ಯಾರಿನರ್-2 ದಾರಿಯುದ್ದಕ್ಕೂ ಈ ಸೌರ ಮಾರುತವನ್ನು ಅಳೆಯಿತು. ಪಾರ್ಕರ್ ಗೆದ್ದರು. ವಿಶ್ವಕಿರಣದ ಪಾಡು ಏನೆಂಬುದೂ ಸ್ಪಷ್ಟವಾಯಿತು. ತೇರು ಮುಗಿಸಿ ಹೊರಬರುವ ಜಾತ್ರೆಯ ಜನಜಂಗುಳಿಗೆ ಎದುರಾಗಿ ಒಳಗೆ ನುಗ್ಗುವವನ ಪಾಡು ಅದರದ್ದು. ಹೊರಕ್ಕೆ ಹರಿಯುವ ಮಾರುತದೊಳಗಿನ ಕಾಂತರೇಖೆಗಳು ಸಿಕ್ಕುಸಿಕ್ಕಾಗಿರುತ್ತವೆ. ವಿದ್ಯುದಾವೇಶವಿರುವ ಕಣ ಒಂದೊಂದು ಸಿಕ್ಕಿಗೂ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತದೆ, ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಸೂರ್ಯ ಅಬ್ಬರಿಸುವ ವರ್ಷಗಳಲ್ಲಿ ಕಾಂತಕ್ಷೇತ್ರ ಬಲವಾಗಿರುತ್ತದೆ, ಸಿಕ್ಕುಗಳೂ ಹೆಚ್ಚು. ದೊಡ್ಡ ಸ್ಫೋಟದಲ್ಲಿ ಹೊರಬಿದ್ದ ಪ್ಲಾಸ್ಮಾ ಮೋಡ ಹಾದುಹೋದರೆ ಅದರ ಹಿಂದೆ ಕೆಲವು ದಿನ ಎಣಿಕೆ ತಗ್ಗುತ್ತದೆ. ಪಯನಿಯರ್-5 ಕಂಡದ್ದು ಅಂಥ ಒಂದು ಮೋಡದ ಹಿಂಬದಿಯನ್ನು.

ಸರಿ, ಈ ತಡೆಗೋಡೆ ಎಲ್ಲಿಯವರೆಗೆ ಇದೆ? ಇಲ್ಲಿ ತಜ್ಞರು ಪದೇ ಪದೇ ಮುಗ್ಗರಿಸಿದರು. ಗುರುಗ್ರಹದ ಸುತ್ತಮುತ್ತಲೇ ಮುಗಿಯಬಹುದು ಎಂದವರಿದ್ದರು. 1972ರಲ್ಲಿ ಹೊರಟ ಪಯನಿಯರ್-10 ಗುರುವನ್ನು ದಾಟಿತು, ಮುಂದೆ ನೆಪ್ಚೂನನ ಕಕ್ಷೆಯನ್ನೂ ದಾಟಿತು. ವಿಶ್ವಕಿರಣ ಮಾತ್ರ ನಿಧಾನಕ್ಕೆ, ಜಿಪುಣನ ಹಾಗೆ, ಒಂದಿಷ್ಟೇ ಹೆಚ್ಚುತ್ತ ಹೋಯಿತು. ಗಡಿ ಸಿಗಲೇ ಇಲ್ಲ.

ಗಡಿಯ ಮೊದಲ ಸುಳಿವು ಕೊಟ್ಟದ್ದೂ ಸೂರ್ಯನ ಒಂದು ಸಿಟ್ಟೇ. 1991ರ ಮೇ–ಜೂನ್‌ನಲ್ಲಿ ಸೂರ್ಯನ ಮೇಲೆ ಸಾಲು ಸಾಲು ಸ್ಫೋಟಗಳಾದವು. ಜೂನ್ 13ರಂದು ಕೆನಡಾದ ಡೀಪ್ ರಿವರ್ ಮಾನಿಟರ್‌ನಲ್ಲಿ ಎಣಿಕೆ ಶೇ 30ರಷ್ಟು ಬಿತ್ತು. ಆ ಆಘಾತದ ಅಲೆ ಭೂಮಿಯನ್ನು ದಾಟಿ ಹೊರಕ್ಕೆ ಓಡುತ್ತಲೇ ಇತ್ತು. ಕೆಲವು ತಿಂಗಳ ನಂತರ ಸೌರಮಂಡಲದ ಅಂಚಿನತ್ತ ಸಾಗುತ್ತಿದ್ದ ವಾಯೇಜರ್ ಮತ್ತು ಪಯನಿಯರ್ ನೌಕೆಗಳಲ್ಲೂ ಒಂದಾದ ಮೇಲೊಂದರಂತೆ ಎಣಿಕೆ ಕುಸಿಯಿತು. ಮತ್ತೆ ಮೌನ. 1992ರ ಜುಲೈನಲ್ಲಿ ಎರಡೂ ವಾಯೇಜರ್‌ಗಳಿಗೆ ಎಲ್ಲಿಂದಲೋ ಸಣ್ಣ ಕಂಪನಾಂಕದ ಪ್ರಬಲ ರೇಡಿಯೊ ಸದ್ದು ಕೇಳಿಸತೊಡಗಿತು. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ತಂಡ ಅದನ್ನು ಹೀಗೆ ಓದಿತು: ಅಂದಿನ ಅಲೆ ಕೊನೆಗೂ ಗಡಿಗೆ ಅಪ್ಪಳಿಸಿದೆ, ಇದು ಅದರ ಸದ್ದು. ಅಲೆಯ ವೇಗ ಗೊತ್ತು, ಹಿಡಿದ ಕಾಲ ಸುಮಾರು 400 ದಿನ. ಗುಣಿಸಿದರೆ ದೂರ ಸಿಕ್ಕಿತು, ಸೂರ್ಯ–ಭೂಮಿ ನಡುವಿನ ಅಂತರದ 116ರಿಂದ 177 ಪಟ್ಟು.

ಇದೇ ಹೊತ್ತಿಗೆ ಯೂಲಿಸಿಸ್ ಎಂಬ ನೌಕೆ ಸೂರ್ಯನ ಧ್ರುವಗಳ ಮೇಲೆ ಹಾರಿ ಬಂತು. ಧ್ರುವದ ಕಡೆ ಕಾಂತರೇಖೆಗಳು ಅಷ್ಟಾಗಿ ಸುರುಳಿ ಸುತ್ತಿರುವುದಿಲ್ಲ, ಅಲ್ಲಿಂದ ವಿಶ್ವಕಿರಣ ಸರಾಗವಾಗಿ ಒಳಬರಬಹುದು ಎಂಬ ನಿರೀಕ್ಷೆಯಿತ್ತು. ಹೋಗಿ ನೋಡಿದರೆ ಸ್ವಲ್ಪವೇ ಹೆಚ್ಚಿತ್ತು. ಅಲ್ಲೂ ಕಾಂತಕ್ಷೇತ್ರ ಅಲೆಯಲೆಯಾಗಿ ತೊನೆದಾಡುತ್ತ ಕಣಗಳನ್ನು ತಡೆಯುತ್ತಿತ್ತು. ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಕಾಂತಧ್ರುವಗಳು ಅದಲುಬದಲಾಗುತ್ತವೆ, ಕಣಗಳು ಒಳಬರುವ ಹಾದಿಯೂ ಬದಲಾಗುತ್ತದೆ. ಹಾಗಾಗಿ ವಿಶ್ವಕಿರಣದ ಗ್ರಾಫಿನಲ್ಲಿ ಒಂದು ಚಕ್ರದ ಶಿಖರ ಚೂಪಾದರೆ ಮುಂದಿನದು ಚಪ್ಪಟೆ. ಪೂರ್ತಿ ಸುತ್ತಿಗೆ 22 ವರ್ಷ.

ವಾಯೇಜರ್-1 ಗಡಿಯ ಒಳ ಅಂಚನ್ನು, ಅಂದರೆ ಸೌರ ಮಾರುತ ಹಠಾತ್ತನೆ ನಿಧಾನಿಸುವ ಜಾಗವನ್ನು, 2004ರ ಡಿಸೆಂಬರ್‌ನಲ್ಲಿ ಸೂರ್ಯ–ಭೂಮಿ ಅಂತರದ 94 ಪಟ್ಟು ದೂರದಲ್ಲಿ ದಾಟಿತು. 2009ರಿಂದ ಮೂರು ವರ್ಷ ಅದರ ವಿಶ್ವಕಿರಣ ಎಣಿಕೆ ಒಟ್ಟಾರೆ ಶೇ 25ರಷ್ಟು ಏರಿತು. 2012ರ ಮೇ 7ರಿಂದ ಒಂದೇ ವಾರದಲ್ಲಿ ಶೇ 5, ಒಂದು ತಿಂಗಳಲ್ಲಿ ಶೇ 9. ಆಗಸ್ಟ್ 25ರಂದು ಸೂರ್ಯನ ಕಡೆಯ ಕಣಗಳು ಬಹುತೇಕ ಮಾಯವಾದವು. ಹೊರಗಿನ ವಿಶ್ವಕಿರಣ ಮೇಲಕ್ಕೆ ಜಿಗಿದು ಅಲ್ಲೇ ನಿಂತಿತು. ದೂರ ಸುಮಾರು 121 ಪಟ್ಟು, ಗರ್ನೆಟ್ ಹಾಕಿದ್ದ ಲೆಕ್ಕದೊಳಗೇ. ಆದರೂ ನಿಜಕ್ಕೂ ಹೊರಗೆ ಹೋಗಿದ್ದೇವೆಯೇ ಎಂಬ ಜಗಳ ಒಂದು ವರ್ಷ ನಡೆಯಿತು. ಅದನ್ನು ತೀರಿಸಿದ್ದೂ ಸೂರ್ಯನ ಸ್ಫೋಟವೇ. 2012ರ ಮಾರ್ಚ್‌ನಲ್ಲಿ ಹೊರಟ ಅಲೆ 2013ರ ಏಪ್ರಿಲ್‌ನಲ್ಲಿ ನೌಕೆಯನ್ನು ಮುಟ್ಟಿ ಸುತ್ತಲಿನ ಪ್ಲಾಸ್ಮಾವನ್ನು ಮಿಡಿಯಿತು. ಆ ಮಿಡಿತದಿಂದ ಸಾಂದ್ರತೆ ತಿಳಿಯಿತು, ಅದು ನಕ್ಷತ್ರಗಳ ನಡುವಿನ ಬಯಲಿನದ್ದೇ. 2018ರ ನವೆಂಬರ್ 5ರಂದು ವಾಯೇಜರ್-2 ಕೂಡ ದಾಟಿತು. ಎರಡೂ ನೌಕೆಗಳ ಎಣಿಕೆ ನೋಡಿದರೆ, ಹೊರಗಿರುವ ವಿಶ್ವಕಿರಣದ ಮುಕ್ಕಾಲು ಪಾಲನ್ನು ಸೂರ್ಯನ ಈ ಆವರಣವೇ ತಡೆಯುತ್ತಿದೆ.

ಸೂರ್ಯ ಮಂಕಾದರೆ ಏನಾಗುತ್ತದೆ ಎಂಬುದನ್ನು ಅಷ್ಟರಲ್ಲಾಗಲೇ ನೋಡಿಯಾಗಿತ್ತು. 2008ರಲ್ಲಿ 266 ದಿನ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ಸೌರ ಮಾರುತದ ಒತ್ತಡ ಅರ್ಧ ಶತಮಾನದಲ್ಲೇ ಕನಿಷ್ಠಕ್ಕೆ ಇಳಿಯಿತು. 1997ರಿಂದ ಎಣಿಸುತ್ತಿದ್ದ ಏಸ್ ನೌಕೆ 2009ರಲ್ಲಿ ದಾಖಲಿಸಿದ ವಿಶ್ವಕಿರಣದ ಮಟ್ಟ, ಅದಕ್ಕೆ ಮೊದಲು ಬಾಹ್ಯಾಕಾಶ ಯುಗದಲ್ಲಿ ಕಂಡ ಅತಿ ಹೆಚ್ಚಿನ ಮಟ್ಟಕ್ಕಿಂತ ಶೇ 19ರಷ್ಟು ಮೇಲಿತ್ತು. ನಮ್ಮ ಚಂದ್ರಯಾನ-1 ಬಲ್ಗೇರಿಯಾದ ರೇಡಾಂ ಎಂಬ ವಿಕಿರಣ ಮಾಪಕವನ್ನು ಹೊತ್ತು 2008ರ ಅಕ್ಟೋಬರ್ 22ರಂದು ಹೊರಟದ್ದು ಈ ಮಂಕು ಕಾಲದಲ್ಲೇ. ಹಾಗಾಗಿ ಭೂಮಿ–ಚಂದ್ರರ ನಡುವೆ ಅದು ಅಳೆದ ಮಟ್ಟ ಮಾಮೂಲಿನದಲ್ಲ.

ಗಗನಯಾತ್ರಿಗಳ ಪಾಲಿಗೆ ಇದು ಪ್ರಾಣದ ಲೆಕ್ಕ. 2011–12ರಲ್ಲಿ ಮಂಗಳನಿಗೆ ಹೋಗುವ ದಾರಿಯಲ್ಲಿ ಕ್ಯೂರಿಯಾಸಿಟಿ ನೌಕೆಯ ಮಾಪಕ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ ವಿಕಿರಣ ದಾಖಲಿಸಿತು. ಭೂಮಿಯ ಮೇಲೆ ನಮಗೆ ನಿಸರ್ಗದಿಂದ ಇಡೀ ವರ್ಷಕ್ಕೆ ಸಿಗುವುದು ಹೆಚ್ಚುಕಡಿಮೆ ಎರಡೂವರೆ. ಸೂರ್ಯ ಅಬ್ಬರಿಸುವ ವರ್ಷ ಹೊರಟರೆ ವಿಶ್ವಕಿರಣ ತಗ್ಗುತ್ತದೆ, ಆದರೆ ಸೂರ್ಯನೇ ಚಿಮ್ಮಿಸುವ ಕಣಗಳ ಭಯ. 1972ರ ಆಗಸ್ಟ್‌ನಲ್ಲಿ ಅಂಥ ಭೀಕರ ಕಣಮಳೆ ಸುರಿದಾಗ ಅಪೊಲೊ-16ರವರು ವಾಪಸಾಗಿದ್ದರು, ಅಪೊಲೊ-17ರವರು ಇನ್ನೂ ಹೊರಟಿರಲಿಲ್ಲ. ಅದನ್ನು ಅದೃಷ್ಟ ಎನ್ನದೆ ಬೇರೆ ಹೆಸರಿಲ್ಲ.

ಈಗ ಬೆಂಗಳೂರಿನಿಂದ ನಿಯಂತ್ರಿಸುವ ಆದಿತ್ಯ-ಎಲ್1 2024ರ ಜನವರಿಯಿಂದ ಭೂಮಿಗೆ 15 ಲಕ್ಷ ಕಿಲೊಮೀಟರ್ ಮುಂದೆ ನಿಂತು ಸೌರ ಮಾರುತವನ್ನು ಅಳೆಯುತ್ತಿದೆ. ಅದರ ಆಸ್ಪೆಕ್ಸ್ ಉಪಕರಣವನ್ನು ಕಟ್ಟಿದ್ದು ಸಾರಾಭಾಯಿ ತೆರೆದ ಅಹಮದಾಬಾದಿನ ಅದೇ ಪ್ರಯೋಗಾಲಯ. ತಡೆಯುವ ಗಾಳಿಯನ್ನು ಅಳೆಯುವವರಿಗೆ ಕೊರತೆಯಿಲ್ಲ. ಕೊರತೆ ಇರುವುದು ತಡೆಯಿಲ್ಲದ ಜಾಗದಲ್ಲಿ ನಿಂತು ಎಣಿಸುವವರದು. ವಾಯೇಜರ್‌ಗಳ ವಿದ್ಯುತ್ ವರ್ಷಕ್ಕೆ ಸುಮಾರು 4 ವಾಟ್‌ನಂತೆ ಕುಗ್ಗುತ್ತಿದೆ. ಉಳಿದ ಉಪಕರಣಗಳಿಗೆ ವಿದ್ಯುತ್ ಮಿಗಿಸಲು 2025ರ ಫೆಬ್ರುವರಿ 25ರಂದು ವಾಯೇಜರ್-1ರ ವಿಶ್ವಕಿರಣ ಉಪಕರಣವನ್ನು ಆಫ್ ಮಾಡಿದರು. ವಾಯೇಜರ್-2ರದ್ದಕ್ಕೆ 2026ರ ಸರದಿ ಎಂದು ಆಗಲೇ ಪ್ರಕಟಿಸಿದರು. ಅವುಗಳ ಹಿಂದೆ ಇನ್ನೂ ಕೆಲಸ ಮಾಡುತ್ತ ಅದೇ ಕಡೆಗೆ ಹೊರಟಿರುವುದು 2006ರಲ್ಲಿ ಹಾರಿದ ನ್ಯೂ ಹೊರೈಜನ್ಸ್ ಒಂದೇ, ಅದಿನ್ನೂ ಗಡಿಯೊಳಗೇ ಇದೆ.